ಕಾಣದ ಆರುನೂರು ಹುಲಿಗಳು: ಕಾಡಿನ ಲೆಕ್ಕವನ್ನು ಕಂಪ್ಯೂಟರ್ ಹೇಗೆ ಹಾಕುತ್ತೆ?

2002ರಲ್ಲಿ ಸರ್ಕಾರ ಹೇಳಿದ್ದು: ದೇಶದಲ್ಲಿ 3,642 ಹುಲಿಗಳಿವೆ. 2022ರ ಗಣತಿಯ ಅಧಿಕೃತ ಅಂದಾಜು 3,682. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಇಪ್ಪತ್ತು ವರ್ಷದಲ್ಲಿ ಹೆಚ್ಚಾಗಿದ್ದು ಬರೀ ನಲವತ್ತು ಹುಲಿ. ಆದರೆ ಇವೆರಡರ ನಡುವೆ 2006ರ ಸುತ್ತಿನ ಅಂಕಿಯೊಂದಿದೆ: 1,411. ಹಾಗಾದ್ರೆ ನಾಲ್ಕೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಲಿ ಸತ್ತುಹೋದವಾ? ಆಮೇಲೆ ಹದಿನಾರು ವರ್ಷದಲ್ಲಿ ಅಷ್ಟೂ ಮತ್ತೆ ಹುಟ್ಟಿಬಂದವಾ?

ಕಳ್ಳಬೇಟೆಗೆ ಬಲಿಯಾದ ಹುಲಿಗಳು ಇದ್ದವು ನಿಜ. ಆದರೆ ಆ ಕುಸಿತದಲ್ಲಿ ಸತ್ತ ಹುಲಿ ಎಷ್ಟು, ಮೊದಲಿನಿಂದಲೂ ಕಾಗದದ ಮೇಲಷ್ಟೇ ಇದ್ದ ಹುಲಿ ಎಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಯಾಕಂದ್ರೆ ನಡುವೆ ಬದಲಾಗಿದ್ದು ಅಳತೆಗೋಲು. 2002ರದು ಹೆಜ್ಜೆಗುರುತು ನೋಡಿ ಮಾಡಿದ ಲೆಕ್ಕ, 2006ರದು ಕ್ಯಾಮೆರಾ ಮತ್ತು ಸಂಖ್ಯಾಶಾಸ್ತ್ರ ಸೇರಿ ಹಾಕಿದ ಅಂದಾಜು. ಒಂದನ್ನು ಇನ್ನೊಂದರಿಂದ ಕಳೆಯೋದು ಕಿಲೋದಿಂದ ಮೀಟರ್ ಕಳೆದ ಹಾಗೆ.

ಇದು ವಿಜ್ಞಾನಿಗಳ ಒಳಜಗಳ ಅಂತ ಬಿಟ್ಟುಬಿಡೋ ವಿಷಯವಲ್ಲ. ಈ ಅಂಕಿಗಳ ಮೇಲೆ ಅನುದಾನ ಹಂಚಿಕೆಯಾಗುತ್ತೆ, ಸಂರಕ್ಷಿತ ಪ್ರದೇಶದ ಗಡಿ ಬೀಳುತ್ತೆ, ಯಾರು ಕಾಡಿನೊಳಗಿರಬೇಕು ಯಾರು ಹೊರಹೋಗಬೇಕು ಅನ್ನೋ ಚರ್ಚೆ ನಡೆಯುತ್ತೆ. ಆದ್ದರಿಂದ ಅಂಕಿ ತಯಾರಾಗುವ ಅಡುಗೆಮನೆಗೆ ಒಮ್ಮೆ ಹೋಗಿ ಬರೋಣ.

ಗಾಜಿನ ಹಲಗೆಯ ಕಾಲ

ಹೆಜ್ಜೆಗುರುತಿನ ಗಣತಿಯನ್ನು 1966ರಲ್ಲಿ ರೂಪಿಸಿದವರು ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ. ಗಾರ್ಡ್‌ಗಳು ಕಾಡಿನ ದಾರಿಯಲ್ಲಿ ನಡೆದು, ಹುಲಿಯ ಹೆಜ್ಜೆ ಕಂಡಲ್ಲಿ ಅದರ ಮೇಲೆ ಗಾಜು ಹಿಡಿದು ಗುರುತು ಎಳೆದುಕೊಳ್ಳೋರು, ಪ್ಲಾಸ್ಟರ್ ಅಚ್ಚು ತೆಗೆಯೋರು. ಆಮೇಲೆ ಎಲ್ಲವನ್ನೂ ಒಟ್ಟುಹಾಕಿ, ಇದು ಆ ಹುಲಿಯದು, ಇದು ಬೇರೆಯದು ಅಂತ ಅನುಭವದ ಮೇಲೆ ವಿಂಗಡಿಸೋರು. ಕಂಪ್ಯೂಟರ್ ಇಲ್ಲದ ಕಾಲಕ್ಕೆ ಅದು ಜಾಣತನದ ಉಪಾಯವೇ.

ಆದರೆ ಒಂದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಿನಲ್ಲಿ ಒಂದು ಥರ, ಧೂಳಿನಲ್ಲಿ ಇನ್ನೊಂದು ಥರ ಬೀಳುತ್ತೆ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಕಾಡಿನಲ್ಲಿರುವ ಪ್ರತಿ ಹುಲಿಯ ಹೆಜ್ಜೆಯೂ ಗಾರ್ಡ್ ಕಣ್ಣಿಗೆ ಬಿದ್ದೇ ಬೀಳುತ್ತೆ ಅಂತ ಈ ವಿಧಾನ ನಂಬಿಕೊಂಡಿತ್ತು. ಕಾಣದೇ ಉಳಿದದ್ದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಬಣ್ಣ ಬಯಲಾಗಿದ್ದು ರಾಜಸ್ಥಾನದ ಸರಿಸ್ಕಾದಲ್ಲಿ. 2004ರ ಗಣತಿ ಪ್ರಕಾರ ಅಲ್ಲಿ ಹದಿನಾರಕ್ಕೂ ಹೆಚ್ಚು ಹುಲಿಗಳಿದ್ದವು. 2005ರ ಹೊತ್ತಿಗೆ ಒಂದೂ ಇಲ್ಲ ಅನ್ನೋದು ಖಚಿತವಾಯ್ತು. ದೇಶವೇ ಬೆಚ್ಚಿತು. ಸುನಿತಾ ನಾರಾಯಣ್ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಹುಲಿ ಕಾರ್ಯಪಡೆ ರಚಿಸಿತು. ಹೆಜ್ಜೆಗುರುತಿನ ಗಣತಿ ಅಲ್ಲಿಗೆ ಮುಗಿಯಿತು.

ನಾಗರಹೊಳೆಯ ಎಂಜಿನಿಯರ್

ಸರಿಸ್ಕಾದ ಆಘಾತಕ್ಕೂ ಹತ್ತು ವರ್ಷ ಮೊದಲೇ ಬೇರೆ ದಾರಿಯೊಂದು ನಮ್ಮ ನಾಗರಹೊಳೆಯಲ್ಲಿ ತಯಾರಾಗಿತ್ತು. ಅದರ ಹಿಂದಿದ್ದವರು ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ, ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಬಂದವರು. (ಎಂಜಿನಿಯರಿಂಗ್ ಮುಗಿಸಿ ಬೇರೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಕೇಳುವ ಪ್ರಶ್ನೆಗಳು ನಿಮಗೂ ಗೊತ್ತಿರಬಹುದು. ಉದಾಹರಣೆ ಕೊಡೋಕೆ ಇಟ್ಟುಕೊಳ್ಳಿ.) 1990ರ ದಶಕದ ಆರಂಭದಲ್ಲಿ ಅವರು ಹುಲಿ ಓಡಾಡುವ ದಾರಿಗಳಲ್ಲಿ, ಪ್ರಾಣಿ ಮುಂದೆ ಹಾದಾಗ ತಾನಾಗಿ ಫೋಟೊ ಕ್ಲಿಕ್ಕಿಸುವ ಕ್ಯಾಮೆರಾ ಕಟ್ಟಿದರು. ಹುಲಿಯ ಮೈಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ, ಒಂದರದು ಇನ್ನೊಂದಕ್ಕೆ ಇರಲ್ಲ. ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ಹೋಲಿಕೆ ಇಲ್ಲದ ಕಾರಣ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಈ ವಿಧಾನದ ಅವರ ಮೊದಲ ಪ್ರಬಂಧ ಬಂದದ್ದು 1995ರಲ್ಲಿ, ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆಗಿನದು 1998ರಲ್ಲಿ.

ಇದರ ಜೀವಾಳ ಕ್ಯಾಮೆರಾ ಅಲ್ಲ, ಅದರ ಹಿಂದಿನ ಲೆಕ್ಕ. ಮೀನು, ಬಾತುಕೋಳಿಗಳ ಅಧ್ಯಯನದಲ್ಲಿ ನೂರು ವರ್ಷದಿಂದ ಬಳಕೆಯಲ್ಲಿದ್ದ ಲೆಕ್ಕವೇ ಅದು. ಹೀಗೆ ಯೋಚಿಸಿ. ಒಂದು ಕಾಡಿನಲ್ಲಿ ಮೊದಲ ಸುತ್ತಿಗೆ 20 ಬೇರೆ ಬೇರೆ ಹುಲಿಗಳ ಫೋಟೊ ಸಿಕ್ಕಿತು. ಎರಡನೇ ಸುತ್ತಿನಲ್ಲಿ 25 ಹುಲಿ ಸಿಕ್ಕವು, ಅವುಗಳಲ್ಲಿ 10 ಮೊದಲೇ ನೋಡಿದವು. ಅಂದರೆ ನಮಗೆ ಗೊತ್ತಿದ್ದ 20ರಲ್ಲಿ ಎರಡನೇ ಸಲ ಕಂಡದ್ದು ಅರ್ಧ. ಹಾಗಾದ್ರೆ ಎರಡನೇ ಸುತ್ತಿನ ಕ್ಯಾಮೆರಾಗಳಿಗೆ ಕಾಡಿನ ಎಲ್ಲ ಹುಲಿಗಳಲ್ಲಿ ಸುಮಾರು ಅರ್ಧ ಸಿಗುತ್ತವೆ ಅಂತಾಯ್ತು. ಸಿಕ್ಕಿದ್ದು 25, ಹಾಗಾಗಿ ಒಟ್ಟು ಸುಮಾರು 50. ಎರಡೂ ಸುತ್ತು ಸೇರಿ ನಾವು ನೋಡಿದ ಬೇರೆ ಬೇರೆ ಹುಲಿಗಳು 35 ಮಾತ್ರ. ಉಳಿದ 15 ಹುಲಿಗಳನ್ನು ಯಾರೂ ನೋಡಿಲ್ಲ, ಆದರೂ ಅವು ಲೆಕ್ಕದಲ್ಲಿವೆ.

ಹೆಜ್ಜೆಗುರುತಿಗೂ ಇದಕ್ಕೂ ಇರುವ ಅಂತರ ಇದೇ. ಹಳೆಯ ವಿಧಾನ ಕಂಡದ್ದನ್ನು ಎಣಿಸುತ್ತಿತ್ತು. ಹೊಸದು ನಮ್ಮ ಕಣ್ಣು ಎಷ್ಟು ತಪ್ಪಿಸಿಕೊಳ್ಳುತ್ತೆ ಅನ್ನೋದನ್ನೇ ಮೊದಲು ಅಳೆಯುತ್ತೆ.

ಇದಕ್ಕೆ ಷರತ್ತುಗಳಿವೆ. ಎಣಿಕೆಯ ಅವಧಿಯಲ್ಲಿ ಹುಲಿಗಳು ಹುಟ್ಟಬಾರದು, ಸಾಯಬಾರದು, ಒಳಬರಬಾರದು, ಹೊರಹೋಗಬಾರದು. ಅದಕ್ಕೇ ಕ್ಯಾಮೆರಾ ಕಟ್ಟುವ ಕೆಲಸವನ್ನು ವರ್ಷಗಟ್ಟಲೆ ಎಳೆಯದೆ ಕೆಲವೇ ವಾರಗಳಲ್ಲಿ ಮುಗಿಸುತ್ತಾರೆ. ಎಲ್ಲ ಹುಲಿಗೂ ಕ್ಯಾಮೆರಾಕ್ಕೆ ಸಿಗುವ ಸಾಧ್ಯತೆ ಒಂದೇ ಇರಬೇಕು ಅನ್ನೋದು ಇನ್ನೊಂದು ಷರತ್ತು, ಅದು ನಿಜ ಕಾಡಿನಲ್ಲಿ ಯಾವತ್ತೂ ಈಡೇರಲ್ಲ. ಕ್ಯಾಮೆರಾ ಪಕ್ಕದಲ್ಲೇ ಮನೆ ಮಾಡಿಕೊಂಡ ಹೆಣ್ಣುಹುಲಿ ದಿನಾ ಸಿಗಬಹುದು, ಗಡಿಯಂಚಿನ ಗಂಡುಹುಲಿ ತಿಂಗಳಿಗೊಮ್ಮೆ ಇಣುಕಬಹುದು.

ಇಲ್ಲೇ ಕಂಪ್ಯೂಟರ್‌ನ ನಿಜವಾದ ಕೆಲಸ ಶುರುವಾಗೋದು. 2009ರಲ್ಲಿ ಆಂಡ್ರ್ಯೂ ರಾಯ್ಲ್, ಉಲ್ಲಾಸ ಕಾರಂತ, ಅರ್ಜುನ್ ಗೋಪಾಲಸ್ವಾಮಿ ಮತ್ತು ಸಂಗಡಿಗರು ನಾಗರಹೊಳೆಯ ಫೋಟೊಗಳಿಗೇ ಹೊಸ ಮಾದರಿಯೊಂದನ್ನು ಹೊಂದಿಸಿದರು. ಮೊಬೈಲ್ ಟವರ್ ನೆನೆಸಿಕೊಳ್ಳಿ. ಹತ್ತಿರ ಇದ್ರೆ ಸಿಗ್ನಲ್ ಜೋರು, ದೂರ ಹೋದಂತೆ ಕಮ್ಮಿ. ಹಾಗೆಯೇ ಪ್ರತಿ ಹುಲಿಗೂ ಒಂದು ಓಡಾಟದ ಕೇಂದ್ರ ಇದೆ ಅಂತ ಮಾದರಿ ಊಹಿಸುತ್ತೆ. ಆ ಕೇಂದ್ರದಿಂದ ದೂರ ಇರುವ ಕ್ಯಾಮೆರಾದಲ್ಲಿ ಅದು ಸಿಗುವ ಸಾಧ್ಯತೆ ಕಡಿಮೆ. ಕೇಂದ್ರ ಎಲ್ಲಿದೆ ಅಂತ ನಮಗೆ ಗೊತ್ತಿಲ್ಲ, ಹಾಗಾಗಿ ಯಾವ ಕ್ಯಾಮೆರಾದಲ್ಲಿ ಎಷ್ಟು ಸಲ ಸಿಕ್ಕಿತು ಅನ್ನೋದರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಇನ್ನು ಕಾಣದ ಹುಲಿಗಳು. ಅವುಗಳಿಗೆ ಕಂಪ್ಯೂಟರ್ ಮಾಡೋದು ಮಜವಾದ ಕೆಲಸ. ಪಟ್ಟಿಗೆ ನೂರಾರು ಕಾಲ್ಪನಿಕ ಹುಲಿಗಳನ್ನು ಸೇರಿಸುತ್ತೆ, ಒಂದಕ್ಕೂ ಫೋಟೊ ಇರಲ್ಲ. ಪ್ರತಿಯೊಂದನ್ನೂ ಕೇಳುತ್ತೆ: ನೀನು ನಿಜವಾಗಿಯೂ ಇಲ್ಲಿದ್ದು, ಇಷ್ಟು ಕ್ಯಾಮೆರಾಗಳಿಂದ ತಪ್ಪಿಸಿಕೊಂಡಿರೋ ಸಾಧ್ಯತೆ ಎಷ್ಟು? ಸಾವಿರಾರು ಸುತ್ತು ಈ ಪ್ರಶ್ನೆ ಕೇಳಿ, ಪ್ರತಿ ಸುತ್ತಿನಲ್ಲೂ ಎಷ್ಟು ಕಾಲ್ಪನಿಕ ಹುಲಿಗಳು 'ಇರಬಹುದು' ಅಂತ ಪಾಸಾದವು ಅನ್ನೋದನ್ನು ಬರೆದಿಡುತ್ತೆ. ಕೊನೆಗೆ ಸಿಗೋದು ಒಂದೇ ಒಂದು ಉತ್ತರ ಅಲ್ಲ, ಉತ್ತರಗಳ ಹರವು. ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದಾದ ಸ್ಪೇಸ್‌ಕ್ಯಾಪ್ ಅನ್ನೋ ಸಾಫ್ಟ್‌ವೇರನ್ನು ಇದೇ ಬಳಗ 2012ರಲ್ಲಿ ಪ್ರಕಟಿಸಿತು.

ಪಟ್ಟೆ ಹೋಲಿಸುವ ಕೆಲಸಕ್ಕೂ ಯಂತ್ರ ಬಂತು. ಬಾಗಿದ ಮೈಯ ಮೇಲಿನ ಪಟ್ಟೆಯನ್ನು ಮೂರು ಆಯಾಮದ ಮಾದರಿಯ ಮೇಲೆ ಹರಡಿ ಹೋಲಿಸುವ ತಂತ್ರಾಂಶವನ್ನು ಬ್ರಿಟನ್ನಿನ ಲೆಕ್ಸ್ ಹಿಬಿ ರೂಪಿಸಿದರು. 2009ರ ಅವರ ತಂಡದ ಪ್ರಬಂಧ ತೋರಿಸಿದ ಪ್ರಕಾರ, ಇದರಿಂದ ಬದುಕಿರುವ ಹುಲಿಯ ಫೋಟೊವನ್ನು ವಶಪಡಿಸಿಕೊಂಡ ಹುಲಿಚರ್ಮಕ್ಕೂ ಹೊಂದಿಸಿ ನೋಡಬಹುದು. ಚರ್ಮ ಯಾವ ಕಾಡಿನದು ಅಂತ ಗೊತ್ತಾದರೆ ಬೇಟೆಗಾರರ ಜಾಡು ಹಿಡಿಯೋಕೆ ಒಂದು ಎಳೆ ಸಿಕ್ಕಂತೆ.

ನಾಗರಹೊಳೆಯಲ್ಲಿ ಒಂಬತ್ತು ವರ್ಷ ಹೀಗೆ ಫೋಟೊ ತೆಗೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಅಂಶ ನನಗೆ ತುಂಬಾ ಮುಖ್ಯ ಅನಿಸುತ್ತೆ. ಅಲ್ಲಿನ ಹುಲಿಗಳು ವರ್ಷದಿಂದ ವರ್ಷಕ್ಕೆ ಉಳಿಯುವ ಪ್ರಮಾಣ ಸುಮಾರು ಶೇ 77. ಅಂದರೆ ದೇಶದ ಅತ್ಯುತ್ತಮ ಹುಲಿಕಾಡುಗಳಲ್ಲೊಂದರಲ್ಲೇ ಪ್ರತಿವರ್ಷ ಸುಮಾರು ಕಾಲುಭಾಗ ಹುಲಿಗಳು ಸಾಯುತ್ತಿದ್ದವು ಇಲ್ಲವೇ ಬೇರೆ ಕಡೆ ಹೋಗುತ್ತಿದ್ದವು. ಆದರೂ ಒಟ್ಟು ಸಂಖ್ಯೆ ಕುಸಿಯಲಿಲ್ಲ, ಯಾಕಂದ್ರೆ ಹೊಸವು ಬರುತ್ತಲೇ ಇದ್ದವು. ಈ ಸಂಗತಿ ಗೊತ್ತಿದ್ದರೆ, ಎಲ್ಲೋ ಒಂದು ಹುಲಿ ಸತ್ತಾಗ ಟಿವಿಯಲ್ಲಿ ನಡೆಯುವ ಗೋಳಾಟವನ್ನೂ, ಕಾಡಂಚಿನಲ್ಲಿ ಹುಲಿ ಕಂಡ ಕೂಡಲೇ 'ಸಂಖ್ಯೆ ಮಿತಿಮೀರಿದೆ' ಅನ್ನೋ ಕೂಗನ್ನೂ ಸ್ವಲ್ಪ ತಣ್ಣಗೆ ಕೇಳಿಸಿಕೊಳ್ಳಬಹುದು. ಹೊರಟ ಹುಲಿಗಳು ಎಲ್ಲಿಗೆ ಹೋಗುತ್ತವೆ ಅನ್ನೋದಕ್ಕೂ ಪಟ್ಟೆಯೇ ಸಾಕ್ಷಿ. 2010ರಲ್ಲಿ ಬಂಡೀಪುರದಲ್ಲಿ ಫೋಟೊಗೆ ಸಿಕ್ಕ ಗಂಡುಹುಲಿಯೊಂದು ಮರುವರ್ಷ ಸುಮಾರು 280 ಕಿ.ಮೀ. ದೂರದ ಶಿಕಾರಿಪುರದ ಹತ್ತಿರ ಪತ್ತೆಯಾಯ್ತು.

ಎರಡು ಹುಲಿಯ ಸೋಲು

ಈಗ ದೇಶದ ಅಂಕಿಗೆ ಬರೋಣ. 2022ರ ಸುತ್ತಿನಲ್ಲಿ 32,588 ಜಾಗಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ಬಂದ ಫೋಟೊಗಳು 4.7 ಕೋಟಿ. ಅವುಗಳಲ್ಲಿ ಹುಲಿ ಇದ್ದದ್ದು 97,399, ಅಂದರೆ ಸಾವಿರಕ್ಕೆ ಎರಡು. ಬೇರೆ ಪ್ರಾಣಿಗಳು, ಗಾಳಿಗೆ ಅಲ್ಲಾಡಿದ ಹುಲ್ಲು, ನಡೆದುಹೋದ ಜನ, ಇವೆಲ್ಲ ಉಳಿದವು. ಇಷ್ಟನ್ನು ಮನುಷ್ಯರು ಕೂತು ನೋಡೋಕಾಗಲ್ಲ, ಪ್ರಾಣಿ ಯಾವುದು ಅಂತ ವಿಂಗಡಿಸುವ ಮೊದಲ ಜರಡಿ ಈಗ ಎಐ ಕೈಯಲ್ಲಿದೆ.

ಆ ಫೋಟೊಗಳಿಂದ ಗುರುತಿಸಿದ ಬೇರೆ ಬೇರೆ ಹುಲಿಗಳು 3,080. ಸರ್ಕಾರ ಘೋಷಿಸಿದ್ದು 3,682. ನಡುವಿನ 602 ಹುಲಿಗಳು ಯಾವ ಕ್ಯಾಮೆರಾಕ್ಕೂ ಸಿಗದವು, ಮಾದರಿ ಹೇಳುವ ಹುಲಿಗಳು. ಇದರಲ್ಲಿ ಮೋಸ ಏನಿಲ್ಲ, ನಾಗರಹೊಳೆ ಉದಾಹರಣೆಯ 15 ಕಾಣದ ಹುಲಿಗಳ ಥರವೇ. ಆದರೆ ಮಾದರಿಯಿಂದ ಬಂದ ಅಂಕಿಗೆ ಅಂಚು ಇರುತ್ತೆ. 2022ರದು 3,167ರಿಂದ 3,925. 2018ರ 2,967ಕ್ಕೂ ಅಂಚಿತ್ತು: 2,603ರಿಂದ 3,346. ಎರಡೂ ಹರವುಗಳು ಒಂದರ ಮೇಲೊಂದು ಸ್ವಲ್ಪ ಹಾಯುತ್ತವೆ ಅನ್ನೋದನ್ನು ಗಮನಿಸಿ. ಹೆಚ್ಚಳ ಆಗಿದೆ ಅನ್ನೋದು ಬಹುತೇಕ ನಿಜವೇ, ಆದರೆ 'ಸರಿಯಾಗಿ 715 ಹುಲಿ ಹೆಚ್ಚಿದವು' ಅನ್ನೋ ಮಾತಿಗೆ ಆಧಾರವಿಲ್ಲ.

2018ರ ವರದಿ ಬಂದಾಗ ನಮ್ಮಲ್ಲಿ ಏನಾಯ್ತು ನೆನಪಿದೆಯಾ? ಮಧ್ಯಪ್ರದೇಶ 526, ಕರ್ನಾಟಕ 524. ಎರಡು ಹುಲಿಯಿಂದ ಕರ್ನಾಟಕ ಮೊದಲ ಸ್ಥಾನ ಕಳೆದುಕೊಂಡಿತು ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಸುದ್ದಿಯಾಯ್ತು. ಎರಡೂ ರಾಜ್ಯಗಳ ಅಂದಾಜಿನ ಅಂಚು ಹತ್ತಾರು ಹುಲಿಗಳಷ್ಟು ಅಗಲ ಇತ್ತು. ಆ ಅಂಕಿಗಳನ್ನು ಹಿಡಿದು ಯಾವ ರಾಜ್ಯ ಮುಂದೆ ಅಂತ ಹೇಳೋಕೆ ಸಂಖ್ಯಾಶಾಸ್ತ್ರಕ್ಕೆ ಸಾಧ್ಯವೇ ಇರಲಿಲ್ಲ. (2022ರಲ್ಲಿ ಮಧ್ಯಪ್ರದೇಶ 785, ಕರ್ನಾಟಕ 563. ಅದು ಬೇರೆ ಮಾತು, ಆ ಅಂತರ ದೊಡ್ಡದು.)

ಇನ್ನೂ ಆಳದ ತಕರಾರೊಂದಿದೆ. ದೇಶದ ಎಲ್ಲ ಕಾಡಿನಲ್ಲೂ ಕ್ಯಾಮೆರಾ ಇಡೋಕಾಗಲ್ಲ. ಹಾಗಾಗಿ ಸಿಬ್ಬಂದಿ ಲಕ್ಷಾಂತರ ಕಿ.ಮೀ. ನಡೆದು ಹೆಜ್ಜೆ, ಲದ್ದಿ, ಬೇಟೆಪ್ರಾಣಿಗಳ ಕುರುಹು ದಾಖಲಿಸುತ್ತಾರೆ. ಕ್ಯಾಮೆರಾ ಇರುವ ಕಡೆ ಈ ಕುರುಹಿಗೂ ಹುಲಿ ಸಂಖ್ಯೆಗೂ ಇರುವ ಸಂಬಂಧ ಕಂಡುಕೊಂಡು, ಅದನ್ನು ಕ್ಯಾಮೆರಾ ಇಲ್ಲದ ಕಡೆಗೂ ಅನ್ವಯಿಸುತ್ತಾರೆ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೋಹನ್ ಡೆಲಂಪಾಡಿ ಮತ್ತು ಕಾರಂತರೂ ಸೇರಿದಂತೆ ಗೋಪಾಲಸ್ವಾಮಿ ತಂಡ 2015ರಲ್ಲಿ ಈ ಕೊಂಡಿಯನ್ನೇ ಪ್ರಶ್ನಿಸಿತು. ಕುರುಹು ಕಣ್ಣಿಗೆ ಬೀಳುವ ಸಾಧ್ಯತೆ ಜಾಗದಿಂದ ಜಾಗಕ್ಕೆ ಏರುಪೇರಾದರೆ ಸಂಬಂಧ ನಂಬಲರ್ಹವಾಗಿ ಉಳಿಯಲ್ಲ ಅನ್ನೋದು ಅವರ ಗಣಿತ. ಗಣತಿ ನಡೆಸುವ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಒಪ್ಪಲಿಲ್ಲ. ಟೀಕಾಕಾರರ ದತ್ತಾಂಶವೇ ಸರಿಯಿಲ್ಲ ಅಂತ 2019ರಲ್ಲಿ ಖಾರವಾಗಿಯೇ ಉತ್ತರಿಸಿದರು. ಕ್ಯಾಮೆರಾ ಜಾಗಗಳು ಪ್ರತಿ ಸುತ್ತಿಗೂ ಹೆಚ್ಚುತ್ತಾ ಬಂದಿರೋದರಿಂದ ಊಹೆಯ ಪಾಲು ಕಡಿಮೆಯಾಗಿದೆ, ಅದು ನಿಜವಾದ ಸುಧಾರಣೆ.

ಆದರೆ ಈ ಜಗಳ ಬಗೆಹರಿಯಬೇಕಾದ ರೀತಿ ಒಂದೇ: ದತ್ತಾಂಶ ಇಟ್ಟು ಮತ್ತೆ ಲೆಕ್ಕ ಹಾಕಿ ನೋಡೋದು. ಹುಲಿಗಣತಿಯ ಮೂಲ ದತ್ತಾಂಶ ಹೊರಗಿನ ಸಂಶೋಧಕರಿಗೆ ಮುಕ್ತವಾಗಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ, ಗಾರ್ಡ್‌ಗಳು ಮತ್ತು ವಾಚರ್‌ಗಳ ಬೆವರಿನಲ್ಲಿ ಸಂಗ್ರಹಿಸಿದ ಮಾಹಿತಿ ಇದು. ಬೇಟೆಗಾರರ ಕೈಗೆ ಸಿಗಬಾರದು ಅನ್ನೋ ವಾದದಲ್ಲಿ ಹುರುಳಿದೆ, ಹುಲಿ ಇರುವ ನಿಖರ ಜಾಗ ಹೊರಬರಲೇಬಾರದು. ಆದರೆ ಜಾಗವನ್ನು ಮಸುಕು ಮಾಡಿ, ಯಾವ ಹುಲಿ ಯಾವ ದಿನ ಸಿಕ್ಕಿತು ಅನ್ನೋ ಪಟ್ಟಿ ಕೊಡಬಹುದಲ್ವಾ? ಅಂಥದ್ದೊಂದು ಪದ್ಧತಿ ಹಕ್ಕಿಗಳ ಲೋಕದಲ್ಲಿ ಈಗಾಗಲೇ ಇದೆ.

ನೀಲಕಂಠನ ಲೆಕ್ಕ

ಹಕ್ಕಿಗೆ ಪಟ್ಟೆ ಇಲ್ಲ, ಕ್ಯಾಮೆರಾ ಕಟ್ಟಿ ಗುರುತು ಹಿಡಿಯೋಕಾಗಲ್ಲ. ಅಲ್ಲಿ ಬೇರೆಯೇ ಲೆಕ್ಕ. ಹಕ್ಕಿ ನೋಡುವವರು ಇ-ಬರ್ಡ್ ಆ್ಯಪಿನಲ್ಲಿ ತಾವು ಕಂಡ ಹಕ್ಕಿಗಳ ಪಟ್ಟಿ ಹಾಕುತ್ತಾರೆ. ಕಂಡದ್ದರಲ್ಲಿ ಯಾವುದನ್ನೂ ಬಿಡದೆ ಬರೆದರೆ ಅದು ಪೂರ್ಣ ಪಟ್ಟಿ. ಅದರ ಬೆಲೆ ಇರೋದು ಅದು ಹೇಳದೇ ಇರುವುದರಲ್ಲಿ: ಪಟ್ಟಿಯಲ್ಲಿ ನೀಲಕಂಠ ಇಲ್ಲ ಅಂದ್ರೆ, ಅವತ್ತು ಅಲ್ಲಿ ಹುಡುಕಿದವರಿಗೆ ನೀಲಕಂಠ ಕಾಣಲಿಲ್ಲ ಅಂತ. ನೂರು ಪೂರ್ಣ ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಬಂದಿದೆ ಅನ್ನೋದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋದರೆ ಆ ಹಕ್ಕಿ ಕಡಿಮೆಯಾಗುತ್ತಿದೆ ಅಂತ ಅರ್ಥ. ಒಟ್ಟು ಎಷ್ಟು ಹಕ್ಕಿ ಇವೆ ಅಂತ ಈ ವಿಧಾನ ಹೇಳಲ್ಲ, ಹೇಳುತ್ತೇನೆ ಅಂತ ನಟಿಸೋದೂ ಇಲ್ಲ.

ಇಲ್ಲೂ ಸೋಸಬೇಕಾದ್ದು ಬಹಳ. ಜನ ಹಕ್ಕಿ ನೋಡೋಕೆ ಹೋಗೋದು ರಜೆ ದಿನ, ಊರ ಹತ್ತಿರದ ಕೆರೆಗೆ, ರಸ್ತೆ ಇರುವ ಕಡೆಗೆ. ರಾಯಚೂರಿನ ಒಣಭೂಮಿಗಿಂತ ಬೆಂಗಳೂರಿನ ಕೆರೆ ಹೆಚ್ಚು ಸಲ ದಾಖಲಾಗುತ್ತೆ. ಹಳೆ ಅನುಭವಿಗೆ ಕಂಡದ್ದು ಹೊಸಬರಿಗೆ ಕಾಣಲ್ಲ. ಪಟ್ಟಿಯ ಉದ್ದ, ಋತು, ಜಾಗ ಎಲ್ಲವನ್ನೂ ಮಾದರಿಯೊಳಗೆ ಸೇರಿಸಿ ಈ ಓರೆಗಳನ್ನು ತಿದ್ದಬೇಕು.

ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸೇರಿದಂತೆ ಹಲವು ಸಂಸ್ಥೆಗಳು ಒಟ್ಟಾಗಿ 2023ರಲ್ಲಿ ತಂದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಹೀಗೇ ತಯಾರಾಯ್ತು. ಸುಮಾರು 30,000 ಹಕ್ಕಿ ವೀಕ್ಷಕರ 3 ಕೋಟಿ ದಾಖಲೆಗಳು, 942 ಪ್ರಭೇದಗಳು. ದೀರ್ಘಾವಧಿಯ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಇದ್ದದ್ದು 338ಕ್ಕೆ ಮಾತ್ರ, ಅವುಗಳಲ್ಲಿ ಶೇ 60ರಷ್ಟು ಇಳಿದಿದ್ದವು. ಉಳಿದವುಗಳ ಬಗ್ಗೆ ಹೇಳೋಕೆ ಮಾಹಿತಿ ಸಾಲದು ಅಂತ ವರದಿ ನೇರವಾಗಿಯೇ ಬರೆಯಿತು. ದತ್ತಾಂಶ ಯಾರು ಕೇಳಿದರೂ ಸಿಗುತ್ತೆ. ಬೇಟೆಯ ಭಯ ಇರುವ ಹಕ್ಕಿಗಳ ಜಾಗವನ್ನು ಮಾತ್ರ ಇ-ಬರ್ಡ್ ಮುಚ್ಚಿಡುತ್ತೆ.

ಇಳಿದವುಗಳಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಆಗ ಅದು 'ಆತಂಕವಿಲ್ಲ' ಅನ್ನೋ ಗುಂಪಿನಲ್ಲಿತ್ತು. ಆ ಸ್ಥಾನವನ್ನು ಮತ್ತೆ ಪರಿಶೀಲಿಸಿ ಅಂತ ವರದಿ ಶಿಫಾರಸು ಮಾಡಿದ 14 ಹಕ್ಕಿಗಳಲ್ಲಿ ಇದೂ ಒಂದು. ದಸರಾ ದಿನ ಕಂಡರೆ ಶುಭ ಅನ್ನುವ ಹಕ್ಕಿ ಇದು. ಹೊಲದ ಬದು, ಲೈಟು ಕಂಬದ ತಂತಿ, ಹುಲ್ಲುಬಯಲು ಇದರ ಮನೆ, ಹುಲಿ ಯೋಜನೆಯ ದಟ್ಟ ಕಾಡಲ್ಲ. ಇಂಥ ಬಯಲುಗಳನ್ನು ಸರ್ಕಾರಿ ದಾಖಲೆ ಪಾಳು ಅಂತ ಕರೆಯುತ್ತೆ, ಸೋಲಾರ್ ಪಾರ್ಕ್‌ಗೂ ಕೈಗಾರಿಕೆಗೂ ಮೊದಲು ಹೋಗೋದು ಇವೇ. ಹುಲಿಯ ಅಂಕಿ ಏರಿದ ಇದೇ ಕಾಲದಲ್ಲಿ ಬಯಲಿನ ಹಕ್ಕಿಗಳ ಗೆರೆ ಇಳಿದಿದೆ. 'ಜೀವವೈವಿಧ್ಯ ಸುಧಾರಿಸಿದೆ' ಅಂತ ಸಚಿವರು ಹೇಳಿದಾಗ ಯಾವ ಗೆರೆ ನೋಡಿ ಹೇಳಿದರು ಅಂತ ಕೇಳಬೇಕಾಗೋದು ಇದಕ್ಕೇ.

ಯಂತ್ರ ಕಲಿತದ್ದು ಏನು, ನೋಡಿದ್ದು ಯಾರನ್ನ

ಎಐ ಬಂದಿದೆಯಲ್ಲ, ಇನ್ನೇನು ಎಲ್ಲ ಪ್ರಾಣಿಯನ್ನೂ ಎಣಿಸಿಬಿಡುತ್ತೆ ಅನ್ನೋ ಉತ್ಸಾಹ ನಮ್ಮ ಸ್ಟಾರ್ಟಪ್ ವಲಯದಲ್ಲಿದೆ. 2018ರಲ್ಲಿ ಕ್ಯಾಲ್ಟೆಕ್‌ನ ಸಾರಾ ಬೀರಿ ಮತ್ತು ಸಹೋದ್ಯೋಗಿಗಳು ಕ್ಯಾಮೆರಾ ಫೋಟೊಗಳಿಂದ ತರಬೇತಾದ ಮಾದರಿಗಳನ್ನು ಹೊಸ ಜಾಗದ ಫೋಟೊಗಳ ಮೇಲೆ ಪರೀಕ್ಷಿಸಿದರು. ತಪ್ಪುಗಳು ಗಣನೀಯವಾಗಿ ಏರಿದವು. ಯಂತ್ರ ಪ್ರಾಣಿಯ ಜೊತೆ ಹಿನ್ನೆಲೆಯನ್ನೂ ಕಲಿತಿತ್ತು. ಹುಲ್ಲುಗಾವಲಲ್ಲಿ ಹಸುವನ್ನು ಸುಲಭವಾಗಿ ಗುರುತಿಸಿದ್ದು, ಕಡಲತೀರದಲ್ಲಿ ನಿಂತ ಹಸುವಿನ ಮುಂದೆ ತಡವರಿಸಿತು. ಗೋಕರ್ಣದ ಬೀಚಲ್ಲಿ ಹಸು ನೋಡಿ ಬೆಳೆದವರಿಗೆ ಇದು ತಮಾಷೆ ಅನಿಸಬಹುದು, ಆದರೆ ಒಂದು ಕಾಡಿನಲ್ಲಿ ಕಲಿತ ಮಾದರಿಯನ್ನು ಇನ್ನೊಂದು ಕಾಡಿಗೆ ಹಾಗೆಯೇ ಹೊತ್ತೊಯ್ಯುವಂತಿಲ್ಲ ಅನ್ನೋದು ಗಂಭೀರ ವಿಷಯ. ದನಿ ಕೇಳಿ ಹಕ್ಕಿ, ಕಪ್ಪೆ ಗುರುತಿಸುವ ಯಂತ್ರಗಳಿಗೂ ಇದೇ ಮಾತು: ಸಹ್ಯಾದ್ರಿಯ ಕಪ್ಪೆಯ ಕೂಗನ್ನು ಗುರುತಿಸಬೇಕಾದರೆ ಮೊದಲು ಯಾರಾದರೂ ಮಳೆಯಲ್ಲಿ ನೆನೆದು ಆ ಕೂಗನ್ನು ರೆಕಾರ್ಡ್ ಮಾಡಿ, ಹೆಸರು ಬರೆದು ಯಂತ್ರಕ್ಕೆ ಕಲಿಸಬೇಕು.

ಇನ್ನೊಂದು ಪ್ರಶ್ನೆಯನ್ನು ಪರಿಸರಪ್ರಿಯರು ಸಾಮಾನ್ಯವಾಗಿ ಮಾತಾಡಲ್ಲ. ಕ್ಯಾಮೆರಾ ಹುಲಿಯನ್ನಷ್ಟೇ ನೋಡಲ್ಲ. ಉತ್ತರಾಖಂಡದ ಕಾರ್ಬೆಟ್ ಸುತ್ತಮುತ್ತ 14 ತಿಂಗಳು ಇದ್ದು, 270 ಜನರನ್ನು ಮಾತಾಡಿಸಿ ಕೇಂಬ್ರಿಜ್‌ನ ತ್ರಿಶಾಂತ್ ಸಿಮ್ಲಾಯಿ ಮತ್ತು ಕ್ರಿಸ್ ಸ್ಯಾಂಡ್‌ಬ್ರುಕ್ 2024ರಲ್ಲಿ ಅಧ್ಯಯನ ಪ್ರಕಟಿಸಿದರು. ಸೌದೆಗೆ, ಹುಲ್ಲಿಗೆ ಕಾಡಿಗೆ ಹೋಗುವ ಹೆಂಗಸರಿಗೆ ಕಾಡು ಅಂದ್ರೆ ಮನೆಯ ಕಣ್ಣು ತಪ್ಪಿಸಿ ಉಸಿರಾಡುವ ಜಾಗವೂ ಆಗಿತ್ತು. ಅಲ್ಲಿ ಹಾಡುತ್ತಿದ್ದರು, ಜೋರಾಗಿ ಮಾತಾಡುತ್ತಿದ್ದರು. ಕ್ಯಾಮೆರಾ ಬಂದಮೇಲೆ ದನಿ ತಗ್ಗಿತು. ಆ ಗದ್ದಲವೇ ಕಾಡುಪ್ರಾಣಿಗಳನ್ನು ದೂರ ಇಡುತ್ತಿತ್ತು ಅನ್ನೋದನ್ನೂ ನೆನಪಿಡಿ. ಬಹಿರ್ದೆಸೆಗೆ ಕೂತ ಮಹಿಳೆಯೊಬ್ಬರ ಫೋಟೊ ಕ್ಯಾಮೆರಾದಿಂದ ಹೊರಬಿದ್ದು ಸ್ಥಳೀಯರ ಫೋನುಗಳಲ್ಲಿ ಹರಿದಾಡಿದ ಘಟನೆಯೂ ಆ ಅಧ್ಯಯನದಲ್ಲಿದೆ.

ಸಂಖ್ಯೆಗೂ ಜನರಿಗೂ ಇರುವ ಈ ನಂಟು ಒಂದು ಫೋಟೊಗೆ ಮುಗಿಯಲ್ಲ. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆಯಿತು. ಹುಲಿ ಮೀಸಲುಗಳ ಒಳವಲಯದಲ್ಲಿ 591 ಹಳ್ಳಿಗಳ 64,801 ಕುಟುಂಬಗಳಿವೆ, ಸ್ಥಳಾಂತರಕ್ಕೆ ವೇಗ ಕೊಡಿ ಅಂತ. ಹುಲಿಗಳ ವಿಷಯದಲ್ಲಿ ಅಂದಾಜಿನ ಅಂಚನ್ನು ಪ್ರಕಟಿಸುವ ವ್ಯವಸ್ಥೆ, ಜೇನುಕುರುಬರಂಥ ಸಮುದಾಯಗಳು ಇರುವ ಕಾಡಿನಲ್ಲಿ ಹುಲಿ ಹೇಗೆ ಹೆಚ್ಚಿತು ಅನ್ನೋದನ್ನು ಅಷ್ಟೇ ಶ್ರದ್ಧೆಯಿಂದ ಅಳೆದಿಲ್ಲ.

'ಕಂಡುಬಂದಿಲ್ಲ' ಅಂದ್ರೆ?

ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ನಡೆಯುತ್ತಿರುವ ವಾದ ನಿಮಗೆ ಗೊತ್ತಿರುತ್ತೆ. ಸಿಂಗಳೀಕಕ್ಕೆ ಪಟ್ಟೆ ಇಲ್ಲ, ಅದು ಮರದ ತುದಿಯಲ್ಲಿರುತ್ತೆ, ನೆಲದಲ್ಲಿಟ್ಟ ಕ್ಯಾಮೆರಾಕ್ಕೆ ಸಿಗೋದು ಅಪರೂಪ. ಅದನ್ನು ಎಣಿಸಬೇಕಾದರೆ ಗುಂಪುಗಳ ಹಿಂದೆ ಮನುಷ್ಯರೇ ನಡೆಯಬೇಕು. ಆದರೂ ಅದರ ಹೆಸರಲ್ಲಿ ಅಭಯಾರಣ್ಯವಿದೆ, ವಾದಿಸುವವರಿದ್ದಾರೆ. ಹೆಸರೇ ಇಲ್ಲದವುಗಳ ಗತಿ? ಗಂಡುಕಪ್ಪೆ ಮೊಟ್ಟೆಗಳಿಗೆ ಕೆಸರು ಮೆತ್ತುವ ಕುಂಬಾರ ಕಪ್ಪೆಯನ್ನು ಗುರುರಾಜ ಕೆ.ವಿ. ಮತ್ತು ಸಂಗಡಿಗರು ವಿಜ್ಞಾನಕ್ಕೆ ಪರಿಚಯಿಸಿದ್ದು 2014ರಲ್ಲಿ, ಇದೇ ಸೀಮೆಯ ಕತ್ತಲೆಕಾನಿನ ಕಡೆಯಿಂದ. ಅದಕ್ಕೂ ಮೊದಲು ಈ ಕಾಡುಗಳ ಬಗ್ಗೆ ಬರೆದ ಯಾವ ವರದಿಯಲ್ಲೂ ಈ ಹೆಸರಿನ ಸಾಲು ಇರೋಕೆ ಸಾಧ್ಯವೇ ಇರಲಿಲ್ಲ.

ಯೋಜನೆಗಳ ಪರಿಸರ ಪರಿಣಾಮ ವರದಿಗಳಲ್ಲಿ ಒಂದು ವಾಕ್ಯ ಪದೇ ಪದೇ ಬರುತ್ತೆ: ಸಮೀಕ್ಷೆಯ ವೇಳೆ ಅಳಿವಿನಂಚಿನ ಪ್ರಭೇದ ಕಂಡುಬಂದಿಲ್ಲ. ಇದನ್ನು ನಾಗರಹೊಳೆಯ ಲೆಕ್ಕದಿಂದ ಓದಿ ನೋಡಿ. ಒಂದು ಕಪ್ಪೆ ಆ ಜಾಗದಲ್ಲಿ ಇದ್ದೇ ಇದೆ ಅಂತಿಟ್ಟುಕೊಳ್ಳಿ, ಒಂದು ರಾತ್ರಿ ಹುಡುಕಿದರೆ ಅದು ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು. ಹತ್ತು ರಾತ್ರಿ ಹುಡುಕಿದ ಮೇಲೂ ಅದು ಕಾಣದೇ ಉಳಿಯುವ ಸಾಧ್ಯತೆ ಶೇ 35. ಆ ಶೇಕಡಾವಾರನ್ನು ಐದಕ್ಕಿಂತ ಕೆಳಗೆ ತರಬೇಕಾದರೆ 29 ರಾತ್ರಿ ಬೇಕು. ಅದೂ ಮಳೆಗಾಲದ ರಾತ್ರಿಗಳು, ಯಾಕಂದ್ರೆ ಕಪ್ಪೆ ಕೂಗೋದು ಆಗಲೇ. ಜಲವಿದ್ಯುತ್ ಯೋಜನೆಗಳಿಗೆ ಹೆಚ್ಚು ಋತುಗಳ ಅಧ್ಯಯನ ಕೇಳುತ್ತಾರೆ. ಆದರೆ ಬೇರೆ ಬಹಳಷ್ಟು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು.

ಮುಂದಿನ ಸಲ ನಿಮ್ಮ ಜಿಲ್ಲೆಯಲ್ಲಿ ಯಾವುದಾದರೂ ಯೋಜನೆಯ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಆ ವರದಿಯ ಜೀವವೈವಿಧ್ಯ ಅಧ್ಯಾಯ ತೆಗೆದು ನೋಡಿ. ಪ್ರಭೇದಗಳ ಉದ್ದನೆಯ ಪಟ್ಟಿ ಇರುತ್ತೆ. ಅದರಲ್ಲಿ ಎಷ್ಟು ರಾತ್ರಿ, ಯಾವ ತಿಂಗಳು, ಎಷ್ಟು ಜನ, ಎಷ್ಟು ಜಾಗದಲ್ಲಿ ಹುಡುಕಿದರು ಅಂತ ಬರೆದಿದ್ದಾರಾ? ಬರೆದಿಲ್ಲ ಅಂದ್ರೆ ಸಭೆಯಲ್ಲಿ ಎದ್ದು ನಿಂತು ಅದನ್ನೇ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ ಅಂತಲೂ ಹೇಳಿ.